ಹೋಗೋ ಗಾಡಿ, ಬರೋ ಗಾಡಿ

ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದ ಚಹಾದಂಗಡಿಯ ಮುಂದೆ ನಿಂತಿದ್ದ ಲಾರಿಯೊಂದನ್ನು ನಾನು ಎರಡೂ ಕೈ ಚಾಚಿ ಅಪ್ಪಿಕೊಂಡಿದ್ದೆ. ಎದೆ ಲಾರಿಯ ಬದಿಗೆ ಒತ್ತಿತ್ತು, ಕೆನ್ನೆ ಹಲಗೆಗೆ ತಾಗಿತ್ತು. ಒಂದು ಮಾರು ಮುಗಿದ ಕಡೆ ಸೀಮೆಸುಣ್ಣದಿಂದ ಗೀಟು ಎಳೆದು, ಅಲ್ಲಿಂದ ಮತ್ತೆ ಕೈ ಚಾಚಿದೆ. ಚಹಾ ಕುಡಿಯುತ್ತಿದ್ದ ಡ್ರೈವರು ಲೋಟ ಇಟ್ಟು ಎದ್ದು ಬಂದು, ನನ್ನ ಭುಜ ಮುಟ್ಟಿ, ಆರಾಮಿಲ್ಲವೇ ಎಂದು ಕೇಳಿದ. ನಾಲ್ಕು ಮಾರು, ಒಂದು ಗೇಣು ಎಂದೆ. ಅದು ಯಾವ ಕಾಯಿಲೆಯೋ ಅವನಿಗೆ ತಿಳಿಯಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನಾಗ ಹಡಗಲಿಯ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ನಮ್ಮ ಮನೆತನದಲ್ಲಿ ಸರಕಾರಿ ನೌಕರಿ ಹಿಡಿದವರಲ್ಲಿ ನಾನೇ ಮೊದಲನೆಯವನು. ಅಪ್ಪ ಬದುಕಿರುವ ತನಕ ಕಂಡವರ ಹೊಲದಲ್ಲಿ ದುಡಿದು ಹೋದ. ಹಾಗಾಗಿ ಅವ್ವ ನನ್ನ ನೇಮಕದ ಪತ್ರಕ್ಕೆ ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಯಲ್ಲಿ ಬುದ್ಧನ ಪಟದ ಪಕ್ಕಕ್ಕೇ ತೂಗುಹಾಕಿದ್ದಳು. ಆ ಪತ್ರದ ಸರಿಯಾಗಿ ಕೆಳಗೆ, ದೀಪದ ಗೂಡಿನಿಂದ ಹಿಡಿದು ಬಾಗಿಲಿನವರೆಗೂ ಇದ್ದ ಹಲಗೆಯ ಮೇಲೆ, ನಾನು ಕೈಯಾರೆ ಕಟ್ಟಿದ ಪುಟ್ಟ ಬಸ್ಸು, ಲಾರಿ, ಜೀಪು, ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತಿದ್ದವು. ಮನೆಗೆ ಬಂದವರು ಪತ್ರ ನೋಡಬೇಕೆಂಬುದು ಅವ್ವನ ಆಸೆ. ಅವರು ನೋಡುತ್ತಿದ್ದುದು ಬಸ್ಸುಗಳನ್ನು.

ದನದ ಆಸ್ಪತ್ರೆಯಂಥ ಜಾಗ ಈ ಹುಚ್ಚಿಗೆ ಮತ್ತೊಂದಿಲ್ಲ. ಇಂಜೆಕ್ಷನ್ ಬಾಟಲಿಯ ಬಾಯಿಗೆ ಒಂದು ರಬ್ಬರಿನ ಬಿರಡೆ ಇರುತ್ತದೆ. ಔಷಧಿ ಮುಗಿದ ಮೇಲೆ ಎಲ್ಲರೂ ಅದನ್ನು ಬಾಟಲಿಯ ಸಮೇತ ಎಸೆಯುತ್ತಾರೆ. ನಾನು ಮೊದಲ ಸಲ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದಾಗ ಮೈ ಜುಮ್ಮೆಂದಿತು. ಅದು ಬಿರಡೆಯಾಗಿರಲಿಲ್ಲ, ಬಸ್ಸಿನ ಗಾಲಿಯಾಗಿತ್ತು. ಬಿರಡೆಯ ಮೇಲಿನ ಅಲ್ಯುಮಿನಿಯಂ ಮುಚ್ಚಳ ಗಾಲಿಯ ನಡುವಿನ ಬಿಲ್ಲೆಯಾಗಿತ್ತು. ಅವತ್ತಿನಿಂದ ಒಂದು ಬಾಟಲಿಯನ್ನೂ ಎಸೆಯಗೊಡಲಿಲ್ಲ. ಡಾಕ್ಟರು ಒಳ್ಳೆಯವರು, ನಕ್ಕು ಸುಮ್ಮನಾದರು. ಮಾಗಳದ ಕಡೆಯ ಒಬ್ಬ ಮುದುಕ ಕುರಿಗಾರ, ಕುರಿಗಳಿಗೆ ಲಸಿಕೆ ಹಾಕಿಸಲು ಬಂದಾಗಲೆಲ್ಲ, ಖಾಲಿ ಬಾಟಲಿಗಳನ್ನು ತಾನೇ ಆರಿಸಿ ನನ್ನ ಮೇಜಿನ ಮೇಲಿಡುತ್ತಿದ್ದ. ಈ ಸಲದ ರೋಗಕ್ಕೆ ಎಷ್ಟು ಬಸ್ಸಾಗುತ್ತದೆ ಎಂದು ಕೇಳುತ್ತಿದ್ದ. ತಮಾಷೆಗೋ ನಿಜಕ್ಕೋ ಇಂದಿಗೂ ಗೊತ್ತಿಲ್ಲ, ಆದರೆ ನಾನು ಲೆಕ್ಕ ಹಾಕಿಯೇ ಉತ್ತರ ಹೇಳುತ್ತಿದ್ದೆ.

ಗಾಲಿ ಸಿಕ್ಕ ಮೇಲೆ ಅಳತೆ ತಾನಾಗಿಯೇ ಬಂತು. ನಿಜವಾದ ಬಸ್ಸಿನ ಗಾಲಿಯ ಪಕ್ಕ ಕೂತು ಗೇಣು ಹಾಕಿ, ಬಿರಡೆಯ ಪಕ್ಕ ಬೆರಳು ಹಾಕಿ, ಎರಡನ್ನೂ ಹೊಂದಿಸಿ ನೋಡಿದಾಗ ಒಂದು ಮಾರಿಗೆ ಎರಡು ಬೆರಳು ಎಂದು ಬಂತು. ಅದೇ ನನ್ನ ಕಾನೂನಾಯಿತು. ದಾರಿಯಲ್ಲಿ ಓಡಾಡುವುದನ್ನು ಮಾರಿನಿಂದ ಅಳೆಯುವುದು, ಮನೆಯಲ್ಲಿ ಕಟ್ಟುವುದನ್ನು ಬೆರಳಿನಿಂದ ಅಳೆಯುವುದು. ಟೇಪು ಹಿಡಿದು ಅಳೆಯಬಹುದಲ್ಲ ಎಂದು ಡಾಕ್ಟರು ಒಮ್ಮೆ ಕೇಳಿದರು. ಟೇಪಿಗೆ ಲಾರಿಯನ್ನು ಅಪ್ಪಿಕೊಳ್ಳಲು ಬರುವುದಿಲ್ಲವಲ್ಲ ಸರ್ ಎಂದೆ. ನಾನು ಎಲ್ಲದಕ್ಕೂ ಎದುರುತ್ತರ ಇಟ್ಟುಕೊಂಡೇ ಓಡಾಡುವ ಜಾತಿ. ಅದರಿಂದ ಆದ ನಷ್ಟವನ್ನೇ ಈಗ ಹೇಳಹೊರಟಿದ್ದೇನೆ.

ಬಸ್ಸು, ಲಾರಿ ಎಷ್ಟು ಕಟ್ಟಿದರೂ ನನ್ನ ಜೀವವೆಲ್ಲ ಕೊಟ್ಟೂರಿನ ರೈಲಿನಲ್ಲಿತ್ತು. ನಮ್ಮ ಹಡಗಲಿಗೆ ರೈಲಿಲ್ಲ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ಹೋಗಿ, ಅಲ್ಲಿಗೇ ಹಳಿ ಮುಗಿದು, ಬಂದ ದಾರಿಯಲ್ಲೇ ತಿರುಗಿ ಹೋಗುವ ಒಂದು ಸಣ್ಣ ಗಾಡಿ ಅದು. ತಿಂಗಳಿಗೊಮ್ಮೆ ನಾನು ಹೊಸಪೇಟೆಗೆ ಹೋಗಿ ಲಸಿಕೆ ತರಬೇಕಿತ್ತು. ಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸು, ಅಲ್ಲಿಂದ ಹೊಸಪೇಟೆಗೆ ಈ ರೈಲು. ಬರುವಾಗ ಮಾತ್ರ ಪೂರ್ತಿ ಬಸ್ಸೇ, ಏಕೆಂದರೆ ಲಸಿಕೆಯ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿರುತ್ತಿತ್ತು, ಅದು ಕರಗುವುದರೊಳಗೆ ಹಡಗಲಿ ಮುಟ್ಟಬೇಕಿತ್ತು. ರೈಲು ನಿಧಾನ. ಹೀಗೆ ಮೂರು ವರ್ಷ, ಹೋಗುವಾಗ ರೈಲು, ಬರುವಾಗ ಬಸ್ಸು.

ಆ ರೈಲಿನ ಎಂಜಿನ್ನು ನಾನು ಕಂಡಾಗಲೆಲ್ಲ ಕಲ್ಲಿದ್ದಲಿನ ಪೆಟ್ಟಿಗೆಯನ್ನು ಮುಂದೆ ಮಾಡಿಕೊಂಡು ಬರುತ್ತಿತ್ತು. ಮುಂದೆ ಕಲ್ಲಿದ್ದಲು, ನಡುವೆ ಡ್ರೈವರು, ಹಿಂದೆ ಹೊಗೆಕೊಳವೆ, ಅದರ ಹಿಂದೆ ಬೋಗಿಗಳು. ಹೊಸಪೇಟೆಯಲ್ಲಿ ಬೇರೆ ಗಾಡಿಗಳ ಎಂಜಿನ್ನುಗಳು ಹೊಗೆಕೊಳವೆ ಮುಂದೆ ಮಾಡಿಕೊಂಡು ನಿಂತಿರುವುದನ್ನು ನೋಡಿದ್ದೆ. ಅವು ದೊಡ್ಡ ಊರುಗಳ ಎಂಜಿನ್ನುಗಳು, ಅವುಗಳ ರೀತಿ ಬೇರೆ ಎಂದು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿರದೆ ಕಾರಣವನ್ನೂ ಕಂಡುಹಿಡಿದೆ. ಹೊಗೆಕೊಳವೆ ಹಿಂದಿದ್ದರೆ ಹೊಗೆಯೆಲ್ಲ ಹಿಂದಕ್ಕೆ ಹೋಗುತ್ತದೆ, ಡ್ರೈವರನ ಕಣ್ಣಿಗೆ ಕಿಡಿ ಬೀಳುವುದಿಲ್ಲ. ಕೊಟ್ಟೂರಿನ ಲೈನಿನ ಎಂಜಿನ್ನನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಮೊದಲ ಬೋಗಿಯಲ್ಲಿ ಕಣ್ಣಿಗೆ ಮಸಿ ಬಿದ್ದು ಕಣ್ಣು ಉಜ್ಜಿಕೊಳ್ಳುತ್ತಿದ್ದ ತಂಬ್ರಹಳ್ಳಿಯ ರೈತನೊಬ್ಬನಿಗೆ ಇದನ್ನು ನಾನು ಮೂರು ಸ್ಟೇಷನ್ ದಾಟುವ ತನಕ ವಿವರಿಸಿದ್ದುಂಟು. ಪಾಪ, ಅವನು ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತ ಹೂಂಗುಟ್ಟಿದ.

ಆ ರೈಲನ್ನು ಕಟ್ಟಲು ಎಂಟು ತಿಂಗಳು ಹಿಡಿಯಿತು. ಟಾರ್ಚಿನ ಎರಡು ಹಳೆಯ ಸೆಲ್ಲುಗಳ ತಗಡು ಬಿಚ್ಚಿ ಒಂದಕ್ಕೊಂದು ಬೆಸೆದಾಗ ಎಂಜಿನ್ನಿನ ಹೊಟ್ಟೆಯಾಯಿತು. ಬೆಸುಗೆಯನ್ನು ಹಡಗಲಿಯ ರೇಡಿಯೋ ರಿಪೇರಿಯವನ ಅಂಗಡಿಯಲ್ಲಿ ಕೂತು ಕಲಿತೆ, ಎರಡು ಬೆರಳು ಸುಟ್ಟುಕೊಂಡೆ. ಪೆನ್ನಿನ ಮುಚ್ಚಳ ಹೊಗೆಕೊಳವೆಯಾಯಿತು. ಅಂಗಿಯ ದೊಡ್ಡ ಗುಂಡಿಗಳು ಗಾಲಿಗಳಾದವು. ಔಷಧಿಯ ರಟ್ಟಿನ ಪೆಟ್ಟಿಗೆಗಳು ಬೋಗಿಗಳಾದವು. ಅವಕ್ಕೆ ಬಣ್ಣ ಹೊಸಪೇಟೆ ಹಾದಿಯ ಕೆಮ್ಮಣ್ಣು, ಜಾಲಿಯ ಅಂಟಿನಲ್ಲಿ ಕಲಸಿದ್ದು. ಹಳಿಗೆ ಸೈಕಲ್ಲಿನ ಕಡ್ಡಿಗಳು. ಕಲ್ಲಿದ್ದಲಿನ ಪೆಟ್ಟಿಗೆಯಲ್ಲಿ ನಿಜವಾದ ಕಲ್ಲಿದ್ದಲೇ, ಹಗರಿಬೊಮ್ಮನಹಳ್ಳಿಯ ಹಳಿಯ ಬದಿಯಿಂದ ಆರಿಸಿ ತಂದ ಪುಡಿ. ಹೊಗೆಕೊಳವೆಯ ಕಡೆ, ಬೋಗಿಗೆ ಸಿಕ್ಕಿಸಲು, ಇಂಜೆಕ್ಷನ್ ಸೂಜಿಯನ್ನು ಬಗ್ಗಿಸಿ ಒಂದು ಕೊಂಡಿ ಮಾಡಿದೆ. ಕಲ್ಲಿದ್ದಲಿನ ಕಡೆ ಕೊಂಡಿ ಹಾಕಲಿಲ್ಲ. ನಿಜವಾದ ಎಂಜಿನ್ನಿಗೆ ಆ ಕಡೆಯೂ ಒಂದು ಕೊಂಡಿ ಇದ್ದದ್ದನ್ನು ನೋಡಿದ್ದೆ, ನಡುದಾರಿಯಲ್ಲಿ ಕೆಟ್ಟರೆ ಎಳೆದುಕೊಂಡು ಹೋಗಲು ಇರಬೇಕೆಂದುಕೊಂಡು ಬಿಟ್ಟೆ. ಮುಂಭಾಗಕ್ಕೆ ಕೊಂಡಿ ಯಾಕೆ?

ಮೊದಲ ಸಲ ಅದನ್ನು ಸೈಕಲ್ ಕಡ್ಡಿಯ ಹಳಿಯ ಮೇಲಿಟ್ಟು ಬೆರಳಿನಿಂದ ತಳ್ಳಿದೆ. ಗುಂಡಿಗಳು ಟಕಟಕ ಸದ್ದು ಮಾಡುತ್ತ ಉರುಳಿದವು, ನಾಲ್ಕು ಬೋಗಿಗಳೂ ಒಂದರ ಹಿಂದೊಂದು ಹೊರಟವು. ಖುಷಿಗೆ ಕೂಗಿಬಿಟ್ಟೆ. ಅವ್ವ ಅಡಿಗೆಮನೆಯಿಂದ ಓಡಿ ಬಂದಳು, ಚೇಳು ಕಡಿಯಿತೆಂದುಕೊಂಡಿದ್ದಳಂತೆ.

ಅವ್ವನ ಚಿಂತೆ ಬೇರೆಯಿತ್ತು. ಅಷ್ಟರಲ್ಲಿ ನನಗೆ ಎರಡು ಸಂಬಂಧಗಳು ಬಂದು ಮುರಿದಿದ್ದವು. ಕೂಡ್ಲಿಗಿಯವರು ಮನೆ ನೋಡಲು ಬಂದು, ಹಲಗೆಯ ಮೇಲಿನ ಬಸ್ಸುಗಳನ್ನು ನೋಡಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಇಲ್ಲ, ಇವು ನನ್ನವು ಎಂದೆ. ಅವರು ಮತ್ತೆ ಬರಲಿಲ್ಲ. ಹರಪನಹಳ್ಳಿಯವರು ಇನ್ನೂ ನೇರ ಜನ. ನೌಕರಿ ಇದ್ದರೇನು, ಹುಡುಗ ಇನ್ನೂ ಆಟದ ಸಾಮಾನು ಬಿಟ್ಟಿಲ್ಲವಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಆಟದ ಸಾಮಾನಲ್ಲ, ಅಳತೆಯ ಸಾಮಾನು ಎಂದು ನಾನು ಅವರ ಜೊತೆ ವಾದಕ್ಕಿಳಿದೆ. ಬಾಗಿಲವರೆಗೂ ವಾದಿಸಿದೆ, ಬಸ್‌ಸ್ಟ್ಯಾಂಡಿನವರೆಗೂ ವಾದಿಸಿದೆ. ಅವ್ವ ಅವತ್ತು ಊಟ ಮಾಡಲಿಲ್ಲ.

ಮೂರನೆಯದು ಕೊಟ್ಟೂರಿನದು. ತಂಬ್ರಹಳ್ಳಿಯ ನಮ್ಮ ನೆಂಟರೊಬ್ಬರು ಸುದ್ದಿ ತಂದರು. ಹುಡುಗಿ ಹತ್ತನೆಯ ಇಯತ್ತೆ ಪಾಸು, ತಾಯಿಯಿಲ್ಲ. ತಂದೆ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಅಂದರೆ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಕೀಲು ತಿರುಗಿಸುವವರು. ನೆಂಟರು ಮುಂದೇನು ಹೇಳಿದರೋ ನನಗೆ ಕೇಳಿಸಲಿಲ್ಲ. ರೈಲಿನ ಮನೆ! ನಾನು ಆಗಲೇ ಎಂಜಿನ್ನನ್ನು ಹತ್ತಿಯಲ್ಲಿ ಸುತ್ತಿ ಔಷಧಿಯ ಪೆಟ್ಟಿಗೆಯಲ್ಲಿಡುವುದು ಹೇಗೆಂದು ಯೋಚಿಸುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ಅವ್ವ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು.

"ಇದು ಮೂರನೇದು, ಮಗನ. ಇದು ಹ್ವಾದ್ರ ಇನ್ನ ನಮ್ಮ ಮನಿಗಿ ಯಾರೂ ಕೊಡಂಗಿಲ್ಲ. ಈ ಡಬ್ಬಿ ಇಲ್ಲೇ ಇರ್ಲಿ."

ರೈಲಿನವರ ಮನೆಗೆ ರೈಲು ಒಯ್ದರೆ ತಪ್ಪೇನು ಎಂದೆ. ಒಂದು ಎಂಜಿನ್ನು, ಒಂದೇ ಬೋಗಿ ಎಂದು ಒಪ್ಪಿಸಿದೆ. ಆದರೆ ಅಲ್ಲಿ ಯಾರ ಜೊತೆಗೂ ವಾದ ಮಾಡುವುದಿಲ್ಲ ಎಂದು ಅವಳು ನನ್ನ ಕೈಯಲ್ಲಿ ಬುದ್ಧನ ಪಟ ಮುಟ್ಟಿಸಿ ಮಾತು ತೆಗೆದುಕೊಂಡಳು.

ಹಡಗಲಿಯಿಂದ ಕೊಟ್ಟೂರಿಗೆ ನೇರ ಬಸ್ಸಿನಲ್ಲೇ ಹೋದೆವು. ಅವರ ಮನೆ ಸ್ಟೇಷನ್ನಿನ ಪಕ್ಕದ ಕ್ವಾರ್ಟರ್ಸು. ಹೊಸ್ತಿಲಲ್ಲಿ ನಿಂತರೆ ಹಳಿ ಕಾಣುತ್ತದೆ. ಅಂಥ ಮನೆಯಲ್ಲಿ ಹುಟ್ಟಿದವರ ಪುಣ್ಯ ನೆನೆದು ನನಗೆ ಹೊಟ್ಟೆಕಿಚ್ಚಾಯಿತು. ಹುಡುಗಿಯ ತಂದೆ ಮಿತಭಾಷಿ. ಅವ್ವನೊಂದಿಗೆ ಮಳೆ ಬೆಳೆ ಮಾತಾಡಿದರು. ಹುಡುಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆಗಳನ್ನು ತಂದಿಟ್ಟು ಬಾಗಿಲ ಪಕ್ಕ ಕೂತಳು. ನಾನು ಮಿರ್ಚಿ ಮುಟ್ಟಲಿಲ್ಲ. ಪೆಟ್ಟಿಗೆ ಬಿಚ್ಚಿ, ಎಂಜಿನ್ನನ್ನೂ ಬೋಗಿಯನ್ನೂ ಚಾಪೆಯ ಮೇಲಿಟ್ಟು, ಕೊಂಡಿ ಸಿಕ್ಕಿಸಿ, ಇದು ನಿಮ್ಮ ಕೊಟ್ಟೂರಿನ ಗಾಡಿ ಎಂದೆ.

ತಂದೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಗುಂಡಿಯ ಗಾಲಿಯನ್ನು ಒಂದು ಬೆರಳಿನಿಂದ ತಿರುಗಿಸಿದರು. ಅವರು ಏನೂ ಹೇಳುವ ಮೊದಲೇ ಬಾಗಿಲ ಕಡೆಯಿಂದ ಮಾತು ಬಂತು.

"ಇದು ಹೋಗೋ ಗಾಡಿ. ಬರೋ ಗಾಡಿ ಎಲ್ಲೈತ್ರಿ?"

ನನಗೆ ಅರ್ಥವಾಗಲಿಲ್ಲ. ಗಾಡಿ ಒಂದೇ ಅಲ್ಲವೇ ಎಂದೆ. ಗಾಡಿ ಒಂದೇ, ಆದರೆ ಬರುವಾಗ ಎಂಜಿನ್ನು ಹೀಗಿರುವುದಿಲ್ಲ, ಹೊಗೆಕೊಳವೆ ಮುಂದಿರುತ್ತದೆ, ಇದು ಹೊಸಪೇಟೆಗೆ ಹೋಗುವಾಗಿನ ರೀತಿ ಎಂದಳು. ಅವ್ವನಿಗೆ ಕೊಟ್ಟ ಮಾತು ಆ ಕ್ಷಣವೇ ಗಾಳಿಗೆ ಹೋಯಿತು. ನಾನು ಮೂರು ವರ್ಷದಿಂದ ಈ ಗಾಡಿಯಲ್ಲಿ ಓಡಾಡುತ್ತಿದ್ದೇನೆ, ಈ ಲೈನಿನ ಎಂಜಿನ್ನಿಗೆ ಕಲ್ಲಿದ್ದಲು ಯಾವಾಗಲೂ ಮುಂದೆ ಎಂದೆ. ಹೊಗೆ, ಡ್ರೈವರನ ಕಣ್ಣು, ಕಿಡಿ, ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ತಲೆ ತಗ್ಗಿಸಿ ಕೂಡಬೇಕಾದವಳು ನೆಟ್ಟಗೆ ನನ್ನ ಮುಖ ನೋಡಿದಳು.

"ನೀವು ಬರೋ ಗಾಡಿ ಒಮ್ಮೆರ ನೋಡೀರೇನ್ರಿ?"

ಮೂರು ವರ್ಷ ಹಿಂದಕ್ಕೆ ಹೋಗಿ ಹುಡುಕಿದೆ. ಬೆಳಗಿನ ಗಾಡಿ ಕೊಟ್ಟೂರಿಗೆ ಹೋಗುವ ಹೊತ್ತಿಗೆ ನನ್ನ ಬಸ್ಸು ಇನ್ನೂ ಹಗರಿಬೊಮ್ಮನಹಳ್ಳಿ ಮುಟ್ಟಿರುತ್ತಿರಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಅದು ಕೊಟ್ಟೂರಿಗೆ ಹೋಗಿ ಹೊಸಪೇಟೆಯ ಕಡೆ ತಿರುಗಿ ಬರುತ್ತಿತ್ತು. ಹೊಸಪೇಟೆಯಿಂದ ಬರುವಾಗಲೆಲ್ಲ ನಾನು ಮಂಜುಗಡ್ಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿರುತ್ತಿದ್ದೆ. ಒಮ್ಮೆಯೂ ನೋಡಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಬದಲು, ನೋಡಲೇಬೇಕೆಂದಿಲ್ಲ, ಯೋಚಿಸಿದರೂ ತಿಳಿಯುತ್ತದೆ ಎಂದುಬಿಟ್ಟೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಹುಡುಗಿಯ ತಂದೆ ಗೋಡೆಯ ಗಡಿಯಾರ ನೋಡಿ, ತಲೆಗೆ ಟೊಪ್ಪಿಗೆ ಹಾಕಿಕೊಂಡು ಎದ್ದರು.

"ಸಂಜಿ ಗಾಡಿ ಬರೋ ಹೊತ್ತಾತು. ಬರ್ರಿ, ನೋಡಾಮು."

ಎಲ್ಲರೂ ಹೊಸ್ತಿಲಿಗೆ ಬಂದೆವು. ಅವರು ಕೀಲಿನ ಹತ್ತಿರ ಹೋಗಿ ನಿಂತರು. ದೂರದಲ್ಲಿ ಬಯಲಿನ ಅಂಚಿನಲ್ಲಿ ಹೊಗೆ ಕಾಣಿಸಿತು. ಆಮೇಲೆ ಸೀಟಿ. ಆಮೇಲೆ, ಗಾಡಿ ತಿರುವು ದಾಟಿ ನೇರ ಹಳಿಗೆ ಬಂದಾಗ, ಮೊದಲು ಕಂಡದ್ದು ದುಂಡು ಮುಖ, ಅದರ ಮೇಲೆ ಹೊಗೆಕೊಳವೆ. ನನ್ನ ಎಂಜಿನ್ನೇ, ನಾನು ಬೆರಳು ಬೆರಳು ಅಳೆದು ಕಟ್ಟಿದ್ದ ಎಂಜಿನ್ನೇ, ನಾನು ಎಂದೂ ಕಾಣದ ಮುಖ ಮಾಡಿಕೊಂಡು ನನ್ನೆದುರಿಗೆ ಬರುತ್ತಿತ್ತು.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದ ವಸ್ತುವಿನ ಅರ್ಧ ಭಾಗ ಇನ್ನೂ ನೋಡುವುದಿದೆ ಎಂದರೆ ಎಂಥ ಭಾಗ್ಯ ಅದು. ನಾನು ಓಡಿದೆ. ಗಾಡಿ ನಿಂತಿತು, ಜನ ಇಳಿದರು. ಎಂಜಿನ್ನು ಬೋಗಿಗಳನ್ನು ಬಿಟ್ಟು ಮುಂದೆ ಹೋಯಿತು, ಹುಡುಗಿಯ ತಂದೆ ಕೀಲು ಎಳೆದರು. ಅದು ಪಕ್ಕದ ಹಳಿಗೆ ಸರಿದು, ಬೋಗಿಗಳ ಪಕ್ಕದಲ್ಲೇ ಹಿಂದು ಹಿಂದಾಗಿ ಬಂದು, ಇನ್ನೊಂದು ತುದಿಗೆ ಸೇರಿಕೊಂಡಿತು. ತಿರುಗಲೇ ಇಲ್ಲ. ಬಂದಾಗ ಕಲ್ಲಿದ್ದಲಿನ ಕಡೆಯ ಕೊಂಡಿ ಬೋಗಿಗೆ, ಹೋಗುವಾಗ ಹೊಗೆಕೊಳವೆಯ ಕಡೆಯ ಕೊಂಡಿ ಬೋಗಿಗೆ. ಅಷ್ಟೇ. ಹೊಗೆಯೂ ಇಲ್ಲ, ಡ್ರೈವರನ ಕಣ್ಣೂ ಇಲ್ಲ. ನನ್ನ ಮೂರು ವರ್ಷದ ಸಿದ್ಧಾಂತ ಕೊಟ್ಟೂರಿನ ಹಳಿಯ ಮೇಲೆ ಬಿದ್ದು ಹೋಯಿತು, ನಾನು ನಗುತ್ತ ನಿಂತಿದ್ದೆ.

ಮತ್ತೆ ನಾನು ಮಾಡಿದ್ದನ್ನು ಅವ್ವ ಸಾಯುವವರೆಗೂ ನೆಂಟರ ಮುಂದೆ ಹೇಳಿ ನನ್ನ ಮಾನ ಕಳೆದಳು. ನಾನು ನಿಂತ ಎಂಜಿನ್ನಿನ ಪಕ್ಕ ಹೋಗಿ, ಎರಡೂ ಕೈ ಚಾಚಿ ಅಳೆಯತೊಡಗಿದೆ. ಕಾವಿಗೆ ಮೈ ತಾಗಿಸುವಂತಿರಲಿಲ್ಲ, ಗಾಳಿಯನ್ನೇ ಅಪ್ಪಿಕೊಂಡು ಸರಿಯುತ್ತಿದ್ದೆ. ಮೂರನೆಯ ಮಾರಿಗೆ ಲೆಕ್ಕ ತಪ್ಪಿತು. ಆಗ ಹಿಂದಿನಿಂದ, ಬೇಲಿಯ ಹತ್ತಿರದಿಂದ, ಅದೇ ದನಿ ನಾಕು ಎಂದಿತು. ಸರಿದೆ. ಐದು ಎಂದಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ, ಕೈ ಚಾಚಿಕೊಂಡೇ ಇದ್ದೆ.

ಅಷ್ಟರಲ್ಲಿ ಗಾಡಿ ಹೊರಡುವ ಗಂಟೆ ಹೊಡೆಯಿತು. ಇದರಲ್ಲೇ ಹೋಗೋಣ ಎಂದು ಅವ್ವನನ್ನು ಎಳೆದೆ. ಹುಡುಗಿಯ ತಂದೆಯೇ ಓಡಿ ಹೋಗಿ ಟಿಕೀಟು ತಂದುಕೊಟ್ಟರು. ಮನಸ್ಸಿಗೆ ಬಂದರೆ ಎಂಟು ದಿನದೊಳಗೆ ಹೇಳಿಕಳಿಸುತ್ತೇವೆ ಎಂದರು. ಗಾಡಿ ಹೊರಟು ಒಂದು ಮೈಲಿ ಹೋದ ಮೇಲೆ, ಕಣ್ಣಿಗೆ ಮಸಿ ಬಿದ್ದಾಗ, ನನಗೆ ಎಚ್ಚರವಾಯಿತು. ಎಂಜಿನ್ನು ಅವರ ಚಾಪೆಯ ಮೇಲೇ ಇತ್ತು.

"ಎಂಜಿನ್ ಮರ್ತಿದ್ದು ಇರ್ಲಿ," ಎಂದಳು ಅವ್ವ. "ಆ ಹುಡುಗಿಗಿ ಒಂದು ಮಾತು ಹೇಳಿ ಬಂದೇನು?"

ಹೇಳಿರಲಿಲ್ಲ. ವಾದ ಮಾಡಿದ್ದೆ, ಓಡಿದ್ದೆ, ಹೋಗಿ ಬರುತ್ತೇನೆ ಎಂದೂ ಅನ್ನದೆ ಗಾಡಿ ಹತ್ತಿದ್ದೆ. ನನ್ನ ತಪ್ಪನ್ನು ನನಗೆ ಇಷ್ಟು ಚಂದವಾಗಿ ತೋರಿಸಿಕೊಟ್ಟವಳು ಅವಳೊಬ್ಬಳೇ, ಅವಳೇ ಬೇಕು ಎಂದು ನನಗೆ ಆ ಬೋಗಿಯಲ್ಲಿ ಕೂತಾಗ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಗಾಡಿ ಕೊಟ್ಟೂರಿನ ಕಡೆ ಬೆನ್ನು ಮಾಡಿ ಹೋಗುತ್ತಿತ್ತು.

ಎಂಟು ದಿನ ಕಳೆದವು. ಸುದ್ದಿಯಿಲ್ಲ. ಒಂಬತ್ತನೆಯ ದಿನವೂ ಇಲ್ಲ. ಹಲಗೆಯ ಮೇಲಿನ ಬಸ್ಸುಗಳನ್ನು ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಬಿಡುತ್ತೇನೆ ಎಂದು ಅವ್ವನಿಗೆ ಹೇಳಿದೆ.

ಹತ್ತನೆಯ ದಿನ ನಮ್ಮ ಮುದುಕ ಕುರಿಗಾರ ನೇರ ಮನೆಗೇ ಬಂದ. ಅವನ ಮಂದೆ ಹದಿನೈದು ದಿನದಿಂದ ಕೊಟ್ಟೂರಿನ ಹೊಲಗಳಲ್ಲಿತ್ತಂತೆ. ಸ್ಟೇಷನ್ನಿನ ಹತ್ತಿರ ಟೊಪ್ಪಿಗೆಯ ಮನುಷ್ಯರೊಬ್ಬರು ಯಾವ ಊರೆಂದು ಕೇಳಿದರಂತೆ. ಹಡಗಲಿಯ ಕಡೆ ಎಂದಾಗ, ದನದ ಆಸ್ಪತ್ರೆಯ ಕಂಪೌಂಡರ್ ಗೊತ್ತೇ ಎಂದರಂತೆ. ಕಂಬಳಿಯೊಳಗಿನಿಂದ ಅವನು ನನ್ನದೇ ಔಷಧಿಯ ಪೆಟ್ಟಿಗೆಯನ್ನು ತೆಗೆದು ಕೊಟ್ಟ.

ಸಾಮಾನು ಹಿಂದಕ್ಕೆ ಕಳಿಸಿದ್ದಾರೆಂದರೆ ಮಾತು ಮುಗಿಯಿತು ಎಂದೇ ನಮ್ಮ ಕಡೆ ಅರ್ಥ. ಏನಾದರೂ ಹೇಳಿದರೇ ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ, ಮಗಳು ಮಾತ್ರ ಅಲುಗಾಡಿಸದೆ ಒಯ್ಯಿ ಎಂದಳು ಎಂದ. ಪೆಟ್ಟಿಗೆ ತೆಗೆದೆ. ಹತ್ತಿಯಲ್ಲಿ ಎಂಜಿನ್ನು, ಬೋಗಿ. ಯಾವುದೂ ಮುರಿದಿರಲಿಲ್ಲ. ಎಂಜಿನ್ನನ್ನು ಹಲಗೆಯ ಮೇಲಿಟ್ಟೆ. ಎಂಟು ತಿಂಗಳು ಅದನ್ನೇ ನೋಡಿದ ಕಣ್ಣಿಗೆ ಏನೂ ಕಾಣಲಿಲ್ಲ. ಕಂಡದ್ದು ಅವ್ವನಿಗೆ.

"ಈ ಕಡಿಗಿ ಇದೇನಲೇ?"

ಕಲ್ಲಿದ್ದಲಿನ ಪೆಟ್ಟಿಗೆಯ ಹಿಂದೆ, ನಾನು ಕೊಂಡಿ ಬೇಡವೆಂದು ಬಿಟ್ಟ ಜಾಗದಲ್ಲಿ, ಒಂದು ಹೊಸ ಕೊಂಡಿ ಇತ್ತು. ಹೇರ್‌ಪಿನ್ನನ್ನು ಬಗ್ಗಿಸಿ, ಎರಡು ಸಣ್ಣ ತೂತು ಕೊರೆದು, ಒಳಗಿನಿಂದ ಕಪ್ಪು ದಾರದಲ್ಲಿ ಬಿಗಿದು ಕಟ್ಟಿದ್ದಳು. ಅಳತೆ ಸರಿಯಾಗಿತ್ತು, ಒಂದು ಎಳೆಯೂ ಆಚೀಚೆ ಇಲ್ಲ.

ನಾನು ಹಳಿಯ ಮೇಲೆ ಬೋಗಿಯನ್ನಿಟ್ಟೆ. ಎಂಜಿನ್ನನ್ನು ತಿರುಗಿಸಿ, ಹೊಗೆಕೊಳವೆಯನ್ನು ಮುಂದೆ ಮಾಡಿ, ಆ ಹೇರ್‌ಪಿನ್ನಿನ ಕೊಂಡಿಗೆ ಬೋಗಿಯನ್ನು ಸಿಕ್ಕಿಸಿದೆ. ತಳ್ಳಿದೆ. ಗುಂಡಿಗಳು ಟಕಟಕ ಎಂದವು, ಗಾಡಿ ಹೊರಟಿತು. ಹೋಗೋ ಗಾಡಿಯಲ್ಲ, ಬರೋ ಗಾಡಿ. ಹಲಗೆಯ ಆ ತುದಿಯಿಂದ ಈ ತುದಿಗೆ ಬಂದು ಅವ್ವನ ಎದುರಿಗೆ ನಿಂತಿತು.

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅವ್ವ ಮೊದಲು ಎಂಜಿನ್ನನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಆ ಕೊಂಡಿಯಲ್ಲಿ ಬರೆದದ್ದನ್ನು ನನಗಿಂತ ಮೊದಲೇ ಓದಿಕೊಂಡಿದ್ದಳು.

"ಕೊಟ್ಟೂರಿಗಿ ಮೊದಲ್ನೇ ಬಸ್ಸು ಎಷ್ಟಕ್ಕೈತಿ, ಕೇಳ್ಕೊಂಡು ಬಾ ಹೋಗು," ಎಂದಳು.

ಕೇಳುವುದೇನಿತ್ತು, ನನಗೆ ಬಾಯಿಪಾಠವಿತ್ತು. ಆದರೂ ಚಪ್ಪಲಿ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದೆ.